ಹೋಗದ ಹಡಗಿಗೆ

ತಲಪಾಡಿ ಗೇಟಿನ ಈಚೆ, ಕರೆಂಟು ಕಂಬದ ಬುಡದಲ್ಲಿ
ನನ್ನ ಮೇಜು. ಕ್ಲಿಪ್ಪು ಹಾಕಿ ತೂಗಿದ ಲಾಟರಿ ಚೀಟಿಗಳು
ಲಾರಿ ಹೋದಾಗೆಲ್ಲ ಒಮ್ಮೆಗೇ ಎದ್ದು ಕೂರುತ್ತವೆ.
ಗೇಟಿನ ಆಚೆಗೆ ಇವು ಬರೀ ಕಾಗದ.
ಈಚೆಗೆ ಲಕ್ಷ ಲಕ್ಷ,
ಅದೂ ಮಧ್ಯಾಹ್ನ ಮೂರರ ತನಕ.

ಪಣಜಿಯ ಮಾತು ಎತ್ತಿದ್ದು ಪಾವ್ಲು.
ಹದಿನಾಲ್ಕು ವರ್ಷ ಹಡಗಿನಲ್ಲಿ ಈರುಳ್ಳಿ ಹೆಚ್ಚಿದವನು,
ಈಗ ಕುಂಜತ್ತೂರಿನಲ್ಲಿ ಬೇಕರಿ.
ನಿನ್ನೆ ಮಾರದೆ ಉಳಿದ ಚೀಟಿಯ ಬೆನ್ನಿಗೆ ಲೆಕ್ಕ ಬರೆದ:
ಮಂಗಳೂರಿಗೆ ಬಸ್ಸು, ಅಲ್ಲಿಂದ ಮಧ್ಯಾಹ್ನದ ರೈಲು,
ಮಡಗಾಂವಿನಲ್ಲಿ ಇಳಿದು ಮತ್ತೆ ಬಸ್ಸು,
ಲಾಡ್ಜು ಬೇಡ, ಕ್ಯಾಸಿನೊದಲ್ಲೇ ಬೆಳಗಾಗುತ್ತದೆ,
ಒಳಗೆ ಹೋಗಲು ತಲೆಗೆ ಎರಡು ಸಾವಿರ ಚಿಲ್ಲರೆ,
ಊಟ ಅದರಲ್ಲೇ.
"ಎಷ್ಟು ಬೇಕಾದರೂ ತಿನ್ನಬಹುದು ಯಮುನಕ್ಕ, ಸಿಗಡಿ ಸಹ."
ಗೆರೆ ಎಳೆದು ಅದರ ಕೆಳಗೆ: ಸೋಲಲಿಕ್ಕೆ, ಐದು ಸಾವಿರ.
ಗೆಲ್ಲಲಿಕ್ಕೆ ಅಂತ ಒಂದು ಸಾಲು ಯಾಕಿಲ್ಲ, ಕೇಳಿದೆ.
ಅದು ಬರೆಯುವಂಥದ್ದಲ್ಲ, ಅಂದ,
ಪೆನ್ನಿನ ಮುಚ್ಚಳ ಕಚ್ಚಿಕೊಂಡು.

ಮೊಯ್ದಿಚ್ಚ ಸುಮ್ಮನೆ ಕೇಳುತ್ತಿದ್ದ.
ಸೇತುವೆ ಬರುವ ಮೊದಲು ಕಡವಿನಲ್ಲಿ ದೋಣಿ ಹಾಕಿದವನು.
"ಆಡುವುದು ಹರಾಮು. ನಾನು ನೋಡಲಿಕ್ಕೆ ಬರ್ತೇನೆ ಅಷ್ಟೆ.
ಆ ಹಡಗು ಎಲ್ಲಿಗೆ ಹೋಗ್ತದೆ?"
ಎಲ್ಲಿಗೂ ಇಲ್ಲ, ನದಿಯ ನಡುವೆ ಲಂಗರು ಹಾಕಿ ನಿಂತಿರ್ತದೆ.
"ಎಲ್ಲಿಗೂ ಇಲ್ಲವಾ?"
ಇಲ್ಲ ಮಾರಾಯ.
ತುಂಬ ಹೊತ್ತು ಚಾ ಗ್ಲಾಸಿನ ತಳ ನೋಡಿದ.
ನಾಲ್ಕಾಣೆಗೆ ಆಚೆ ದಡ ಮುಟ್ಟಿಸುತ್ತಿದ್ದೆ, ಅಂದ,
ಬೊಳ್ಳ ಬಂದರೆ ಎಂಟಾಣೆ,
ಹೆಣಕ್ಕೆ ಪುಕ್ಕಟೆ.

ಲುಂಗಿ ಆಗ್ಲಿಕ್ಕಿಲ್ಲ. ಹವಾಯಿ ಚಪ್ಪಲಿ ಆಗ್ಲಿಕ್ಕಿಲ್ಲ.
ಸೀರೆ ಆದೀತು.
ಮೊಯ್ದಿಚ್ಚನಿಗೆ ಅಳಿಯನ ದುಬೈ ಶೂ, ಎರಡು ಬೆರಳು ದೊಡ್ಡದು,
ಮುಂದಕ್ಕೆ ಪೇಪರು ತುರುಕಿದ್ದಾನೆ.
ನಿನ್ನೆ ಹಾಕಿಕೊಂಡು ಬಂದ, ಒಣ ಡಾಮರಿನ ಮೇಲೆ
ಆಳ ಗೊತ್ತಿಲ್ಲದ ನೀರಿಗೆ ಇಳಿಯುವವನ ಹಾಗೆ.

ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಚೀಟಿಯೂ ಕೊಂಡವಳಲ್ಲ.
ಕೊನೆಗೆ ಏಳು ಬರಬೇಕು ಅನ್ನುವವರಿಗೆ ಏಳು ಹುಡುಕಿ ಕೊಟ್ಟೆ,
ಹೆಂಡತಿಯ ಹೆರಿಗೆ ವಾರ್ಡಿನ ನಂಬರು ಹಿಡಿದು ಬಂದವನಿಗೆ
ಬೇರೆ ಅಂಗಡಿಯಿಂದ ತರಿಸಿ ಕೊಟ್ಟೆ.
ಒಬ್ಬನಿಗೆ ಹೊಡೆಯಿತು. ಒಂದು ಕಿಲೋ ಹಲ್ವ ತಂದಿಟ್ಟು ಹೋದ,
ಆಮೇಲೆ ಈ ದಾರಿಯಲ್ಲೇ ಬರಲಿಲ್ಲ.
ಆದರೆ ಮೂರರ ಒಳಗೆ ಮಾರದ್ದೆಲ್ಲ ನನ್ನ ಕೈಯ ನಷ್ಟ.
ಹಾಗೆ ನೋಡಿದರೆ ನಾನು ದಿನಾ ಆಡಿದವಳೇ,
ಯಾರಿಗೂ ಬೇಡವಾದ ಅಂಕೆಗಳ ಮೇಲೆ.

ಪಾವ್ಲುವಿಗೆ ಚಕ್ರ, ಮೊಯ್ದಿಚ್ಚನಿಗೆ ಹಡಗು.
ನನಗೆ ನೋಡಬೇಕಾದ್ದು ಆ ಮೇಜಿನ ಹಿಂದೆ ನಿಂತ ಹುಡುಗಿ.
ಅವಳಿಗೂ ರಾತ್ರಿ ಕಾಲು ಬಾಯುತ್ತದೋ,
ಎಲ್ಲ ಸೋತವನು ಎದ್ದು ಹೋಗುವಾಗ ಏನು ಹೇಳುತ್ತಾಳೋ.
ನಾನಾದರೆ, ನಾಳೆ ನೋಡುವ, ಅಂತೇನೆ.
ಅಷ್ಟು ಅಂದರೆ ಸಾಕು, ಬರುತ್ತಾರೆ.

ಶುಕ್ರವಾರ ಹೊರಡುವುದು.
ಮೂರು ಗಂಟೆಗೆ ರೈಲು ಮೂಲ್ಕಿಯ ಆಸುಪಾಸಿನಲ್ಲಿ ಇರಬೇಕು.
ಆ ದಿನ ಮಾರದೆ ಉಳಿದದ್ದನ್ನು
ಮನೆಯ ಕಪಾಟಿನಲ್ಲಿ ಇಡುವುದೋ, ಬ್ಯಾಗಿನಲ್ಲಿ ಗೇಟು ದಾಟಿಸುವುದೋ,
ಪಾವ್ಲುವಿನ ಲೆಕ್ಕದಲ್ಲಿ ಅದು ಇಲ್ಲ.
ಕೇಳಿದರೆ ನಗುತ್ತಾನೆ.
ಮೊಯ್ದಿಚ್ಚ ಮಾತ್ರ ಶೂ ಬಿಚ್ಚಿ,
ಒಳಗಿನ ಪೇಪರು ತೆಗೆದು, ಸರಿಯಾಗಿ ಮಡಚಿ,
ಮತ್ತೆ ಒಳಗಿಟ್ಟ.